ಅಕ್ಷರ ಮೊದಲು ಕಿವಿಗೆ ಬೀಳಲಿ
ಎಳೆಯರಿಗೆ ಅಕ್ಷರಗಳ ಧ್ವನಿಯನ್ನು ಕಲಿಸುವ ಕೆಲವು ಆಟಗಳು

ನಾಲ್ಕೈದು ವರ್ಷದ ಮಗು ನೆಂಟರೆದುರು ಕೈಕಟ್ಟಿ ನಿಂತು, ಅಕಾರದಿಂದ ಹಿಡಿದು ಳಕಾರದವರೆಗೆ ವರ್ಣಮಾಲೆಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದಾಗ ತಾಯಿತಂದೆಯರ ಮುಖ ಅರಳುವುದು ಸಹಜ. ನೆಂಟರೂ "ಭೇಷ್" ಎನ್ನುತ್ತಾರೆ. ಆದರೆ ಅವರಲ್ಲಿ ಒಬ್ಬರು ಸ್ವಲ್ಪ ಕುತೂಹಲಿಗಳಾಗಿದ್ದು, ಗೋಡೆಯ ಪಟದಲ್ಲಿರುವ "ಢ" ಅಕ್ಷರದ ಮೇಲೆ ಬೆರಳಿಟ್ಟು "ಇದು ಯಾವುದು ಮರಿ?" ಎಂದು ಕೇಳಿದರೆ ಕಥೆ ಬೇರೆಯಾಗುತ್ತದೆ. ಮಗು ಮೆಲ್ಲಗೆ ಟಕಾರದಿಂದ ಹೊರಟು, ತುಟಿಯೊಳಗೇ "ಟ ಠ ಡ ಢ" ಎಂದು ಗುಣಿಸಿಕೊಂಡು ಆ ನಿಲ್ದಾಣದಲ್ಲಿ ಇಳಿಯಬೇಕಾಗುತ್ತದೆ. ಕೆಲವು ಮಕ್ಕಳು ಪಾಪ, ಕಕಾರದಿಂದಲೇ ಪ್ರಯಾಣ ಹೊರಡುತ್ತಾರೆ. "ಮರ" ಎಂಬ ಎರಡಕ್ಷರದ ಪದವನ್ನು ಬರೆದು ತೋರಿಸಿದರಂತೂ ಎರಡು ಪ್ರಯಾಣಗಳನ್ನು ಮಾಡಬೇಕು. ಎರಡನೆಯದು ಮುಗಿಯುವ ಹೊತ್ತಿಗೆ ಮೊದಲನೆಯದು ಮರೆತುಹೋಗಿರುತ್ತದೆ.

ಒಪ್ಪಿಸುವುದು ಬೇರೆ, ಓದುವುದು ಬೇರೆ. ವರ್ಣಮಾಲೆಯನ್ನು ಬಾಯಿಪಾಠ ಮಾಡಿದ ಮಗು ಒಂದು ಹಾಡನ್ನು ಕಲಿತಿದೆ. ಅಕ್ಷರಗಳನ್ನು ಕಲಿತಿದೆಯೆಂದು ಹೇಳುವುದಕ್ಕೆ ಇನ್ನೂ ಕಾಲವಿದೆ.

ಕಾಲೇಜಿನಲ್ಲಿ ಪಂಪ ರನ್ನರನ್ನು ಪಾಠಹೇಳುವವನಿಗೆ ಶಿಶುವಿಹಾರದ ಈ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಪ್ರತಿವರ್ಷ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದಾಗ ಅದಕ್ಕೆ ಉತ್ತರ ಸಿಗುತ್ತದೆ. ಹದಿನೆಂಟು ಹತ್ತೊಂಬತ್ತು ವಯಸ್ಸಿನ, ಬುದ್ಧಿಯಲ್ಲಿ ಯಾರಿಗೂ ಕಡಮೆಯಿಲ್ಲದ ತರುಣರು "ಅರಸ"ನನ್ನು "ಹರಸ"ನೆಂದೂ "ಹಳ್ಳಿ"ಯನ್ನು "ಹಲ್ಲಿ"ಯೆಂದೂ ಬರೆದಿರುತ್ತಾರೆ. ಅವರ ಕೈ ತಪ್ಪಿದುದು ಕಾಲೇಜಿನಲ್ಲಲ್ಲ. ಎಲ್ಲೋ ಒಂದನೆಯ ತರಗತಿಯ ಬೆಂಚಿನ ಮೇಲೆ ಕುಳಿತಿದ್ದಾಗ ಕಣ್ಣಿಗೆ ಅಕ್ಷರ ಬಂದಿತ್ತು, ಕಿವಿಗೆ ಧ್ವನಿ ಬಂದಿರಲಿಲ್ಲ. ಆಗ ಬಿಟ್ಟುಹೋದದ್ದನ್ನು ಈಗ ಕೆಂಪು ಶಾಯಿಯಿಂದ ತುಂಬಿಸಲು ಸಾಧ್ಯವಿಲ್ಲ. ಬುಡಕ್ಕೆ ನೀರೆರೆಯಬೇಕಾದರೆ ಬುಡವಿರುವಲ್ಲಿಗೇ ಹೋಗಬೇಕಷ್ಟೆ.

ನಮ್ಮ ಭಾಗ್ಯ, ನಮ್ಮ ಕಷ್ಟ

ಇಂದು ನಮ್ಮ ನಗರಗಳ ಅನೇಕ ಮನೆಗಳಲ್ಲಿ ಮಕ್ಕಳಿಗೆ ಇಂಗ್ಲಿಷ್ ಧ್ವನಿಪಾಠದ ಆಟಗಳು ಪರಿಚಿತವಾಗಿವೆ. "ಫೋನಿಕ್ಸ್" ಎಂಬ ಮಾತು ತಾಯಂದಿರ ನಾಲಗೆಯ ಮೇಲೆ ಸರಾಗವಾಗಿ ಆಡುತ್ತದೆ. ಆ ಭಾಷೆಗೆ ಅದು ಬೇಕೇಬೇಕು. ಅಲ್ಲಿ ಅಕ್ಷರದ ಹೆಸರು ಒಂದು, ಅದರ ಧ್ವನಿ ಇನ್ನೊಂದು. "ಡಬ್ಲ್ಯು" ಎಂದು ಕರೆಯುವ ಅಕ್ಷರದ ಹೆಸರಿನಲ್ಲಿ ಅದರ ಧ್ವನಿಯ ಸುಳಿವೇ ಇಲ್ಲ. "ಸಿ" ಎಂಬ ಅಕ್ಷರ ಒಂದು ಕಡೆ ಕಕಾರವಾಗಿ ಇನ್ನೊಂದು ಕಡೆ ಸಕಾರವಾಗಿ ವೇಷ ಹಾಕುತ್ತದೆ. 26 ಅಕ್ಷರಗಳಲ್ಲಿ ಸುಮಾರು 44 ಧ್ವನಿಗಳನ್ನು ದುಡಿಸಿಕೊಳ್ಳಬೇಕಾದ ಆ ಭಾಷೆಯ ಮಕ್ಕಳ ಪಾಡು ದೊಡ್ಡದು. ಇಂಗ್ಲೆಂಡಿನಲ್ಲಿ 2012ರಿಂದ ಎಳೆಯ ಮಕ್ಕಳಿಗೆ ಈ ವಿಷಯದಲ್ಲಿ ಒಂದು ಪುಟ್ಟ ಪರೀಕ್ಷೆಯನ್ನೇ ನಡೆಸುತ್ತಿದ್ದಾರೆ.

ಕನ್ನಡದ ಮಗುವಿಗೆ ಈ ತೊಡಕಿಲ್ಲ. "ಕ" ಎಂಬ ಅಕ್ಷರದ ಹೆಸರು "ಕ". ಅದರ ಧ್ವನಿಯೂ "ಕ". ಇದು ನಮ್ಮ ಭಾಗ್ಯ. ಹಾಗಾದರೆ ನಮ್ಮಲ್ಲಿ ಧ್ವನಿಪಾಠ ಬೇಡವೇ ಬೇಡವೆ? ಬೇಕು; ಆದರೆ ನಮ್ಮ ಕಷ್ಟ ಬೇರೆ ಜಾಗದಲ್ಲಿದೆ. ವರ್ಣಮಾಲೆಯಲ್ಲಿರುವುದು 49 ಅಕ್ಷರಗಳು: 13 ಸ್ವರ, 2 ಯೋಗವಾಹ, 34 ವ್ಯಂಜನ. ಒಂದೊಂದು ವ್ಯಂಜನಕ್ಕೂ ಕಾಗುಣಿತದಲ್ಲಿ 15 ರೂಪಗಳು. ಗುಣಿಸಿ ನೋಡಿ, 510 ಆಗುತ್ತದೆ! ಇದರ ಮೇಲೆ ಒತ್ತಕ್ಷರಗಳ ಸಂಸಾರ ಬೇರೆ. ಕನ್ನಡ ಕಲಿಯುವ ಮಕ್ಕಳನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಎರಡು ಸಂಗತಿಗಳು ಸ್ಪಷ್ಟವಾಗಿವೆ. ಮೊದಲನೆಯದು, ನಮ್ಮ ಅಕ್ಷರಗಳ ಕಲಿಕೆ ಒಂದು ವರ್ಷದಲ್ಲಿ ಮುಗಿಯುವ ಕೆಲಸವಲ್ಲ. ಅದು ಮೂರು ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆ. ಎರಡನೆಯದು, ಪದವನ್ನು ಅಕ್ಷರಗಳಾಗಿ ಬಿಡಿಸುವುದು ಮಕ್ಕಳಿಗೆ ಬೇಗ ಒಲಿಯುತ್ತದೆ. ಅಕ್ಷರವನ್ನು ಮತ್ತೆ ಒಡೆದು ಅದರೊಳಗಿನ ವ್ಯಂಜನ ಸ್ವರಗಳನ್ನು ಬೇರೆಬೇರೆಯಾಗಿ ಕೇಳುವುದು ನಿಧಾನವಾಗಿ ಬರುತ್ತದೆ.

ಆದುದರಿಂದ ಇಂಗ್ಲಿಷಿನ ಆಟಗಳನ್ನು ಹಾಗೆಯೇ ತಂದು ಕನ್ನಡದ ಅಂಗಿ ತೊಡಿಸಿದರೆ ಪ್ರಯೋಜನವಿಲ್ಲ. ನಮ್ಮ ಆಟಗಳು ನಮ್ಮ ಅಕ್ಷರದ ಗುಣವನ್ನು ಅನುಸರಿಸಬೇಕು. ಮೊದಲು ಕಿವಿ, ಆಮೇಲೆ ಬಾಯಿ, ಅನಂತರ ಕಣ್ಣು, ಕೊನೆಗೆ ಕೈ. ಈ ಕ್ರಮವೊಂದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಆಟಗಳನ್ನು ಶಾಲೆಯಲ್ಲಿ ಉಪಾಧ್ಯಾಯರೂ ಆಡಿಸಬಹುದು, ಮನೆಯಲ್ಲಿ ಅಜ್ಜಿಯೂ ಆಡಿಸಬಹುದು. ಖರ್ಚು ಬಹಳವಾದರೆ ಒಂದು ಸೀಮೆಸುಣ್ಣದ ತುಂಡು, ನಾಲ್ಕು ರಟ್ಟಿನ ಚೂರು.

ಕಿವಿಯ ಆಟಗಳು

ಎಲ್ಲಕ್ಕಿಂತ ಸುಲಭವಾದದ್ದು ಚಪ್ಪಾಳೆಯ ಆಟ. ಮಕ್ಕಳು ಸುತ್ತಲೂ ಕುಳಿತಿರಲಿ. ಒಂದೊಂದು ಮಗುವೂ ತನ್ನ ಹೆಸರನ್ನು ಹೇಳುತ್ತ ಒಂದೊಂದು ಅಕ್ಷರಕ್ಕೂ ಒಂದೊಂದು ಚಪ್ಪಾಳೆ ತಟ್ಟಬೇಕು. ಗೀತಳಿಗೆ ಎರಡು, ಕಮಲಳಿಗೆ ಮೂರು. ಗೋಪಾಲಕೃಷ್ಣನ ಸರದಿ ಬಂದಾಗ ಐದು ಚಪ್ಪಾಳೆ ಬಿದ್ದು ತರಗತಿಯೆಲ್ಲ ನಗೆಯ ಅಲೆ ಏಳುತ್ತದೆ. ಅನಂತರ ಊರಿನ ಹೆಸರು, ತಿಂಡಿಯ ಹೆಸರು, ಪ್ರಾಣಿಯ ಹೆಸರು. "ಬೆಂಗಳೂರಿಗೆ ಹೆಚ್ಚು ಚಪ್ಪಾಳೆಯೋ ಮೈಸೂರಿಗೆ ಹೆಚ್ಚೋ?" ಎಂಬ ಪ್ರಶ್ನೆಗೆ ಐದು ವರ್ಷದವರು ಪಂಡಿತರಂತೆ ವಾದ ಹೂಡುತ್ತಾರೆ. ಆನೆ ಅಷ್ಟು ದೊಡ್ಡದಾಗಿದ್ದರೂ ಅದಕ್ಕೆ ಎರಡೇ ಚಪ್ಪಾಳೆ, ಪುಟ್ಟ ಜಿರಲೆಗೆ ಮೂರು! ವಸ್ತುವಿನ ಗಾತ್ರ ಬೇರೆ, ಪದದ ಗಾತ್ರ ಬೇರೆ ಎಂಬ ತಿಳಿವಳಿಕೆ ಇಲ್ಲಿ ನಗುತ್ತ ನಗುತ್ತ ಬಂದುಬಿಡುತ್ತದೆ.

ಮಕ್ಕಳ ಕಿವಿ ಅಕ್ಷರಗಳನ್ನು ತಾನಾಗಿಯೇ ಬಿಡಿಸಬಲ್ಲದು ಎಂಬುದಕ್ಕೆ ಸಾಕ್ಷಿ ಬೇಕಾದರೆ ಅವರ "ಕ ಭಾಷೆ"ಯನ್ನು ಕೇಳಿ. ದೊಡ್ಡವರಿಗೆ ತಿಳಿಯಬಾರದೆಂದು ಪ್ರತಿ ಅಕ್ಷರದ ಹಿಂದೆಯೂ ಒಂದು ಕಕಾರವನ್ನು ಅಂಟಿಸಿ "ಕನೀಕನು ಕಬಾ" ಎಂದು ಅವರು ಪಿಸುಗುಟ್ಟುವಾಗ, ಯಾವ ಗುರುವೂ ಹೇಳಿಕೊಡದ ವ್ಯಾಕರಣವನ್ನು ನಡೆಸಿಕೊಡುತ್ತಿರುತ್ತಾರೆ. ತಲೆತಲಾಂತರದಿಂದ ನಮ್ಮ ಬೀದಿಗಳಲ್ಲಿ ನಡೆದುಬಂದ ಈ ಗುಪ್ತಭಾಷೆಯನ್ನು ಬಹಳ ಮಂದಿ ಹಿರಿಯರು ತಂಟೆಯೆಂದು ಗದರಿಸುತ್ತಾರೆ. ಗದರಿಸಬೇಡಿ, ಬೇಕಾದರೆ ಉತ್ತರವನ್ನೂ ಅದೇ ಭಾಷೆಯಲ್ಲಿ ಕೊಡಿ.

ಮೂರನೆಯದು ಸಂತೆಯ ಆಟ. "ಸಂತೆಗೆ ಹೋಗಿದ್ದೆ, ಬದನೆಕಾಯಿ ತಂದೆ" ಎಂದು ಒಬ್ಬರು ಆರಂಭಿಸಬೇಕು. ಮುಂದಿನವರು ಅದೇ ಬಕಾರದಿಂದ ಆರಂಭವಾಗುವ ಇನ್ನೊಂದನ್ನು ತರಬೇಕು: ಬಟಾಣಿ, ಬಸಳೆ, ಬಳೆ. ಮೊದಲ ಸುತ್ತಿನಲ್ಲಿ ಬೆಂಡೆಕಾಯಿಗೆ ಪ್ರವೇಶವಿಲ್ಲ. ಅದು "ಬೆ", "ಬ" ಅಲ್ಲ. ಮಕ್ಕಳು ಪಳಗಿದ ಮೇಲೆ, ಕೆಲವು ತಿಂಗಳು ಕಳೆದು, ಬೆಂಡೆ, ಬೀಟ್‌ರೂಟ್, ಬೂದುಗುಂಬಳ ಎಲ್ಲಕ್ಕೂ ಬಾಗಿಲು ತೆರೆಯಬಹುದು. ಅಂದು ಮಗು ಒಂದು ದೊಡ್ಡ ಹೊಸ್ತಿಲನ್ನು ದಾಟಿತೆಂದು ತಿಳಿಯಿರಿ. "ಬ, ಬೆ, ಬೀ, ಬೂ" ಎಂಬ ನಾಲ್ಕರೊಳಗೂ ಒಂದೇ ವ್ಯಂಜನ ಅಡಗಿದೆ ಎಂಬುದು ಅದರ ಕಿವಿಗೆ ಹೊಳೆಯಿತು. ಕಾಗುಣಿತದ ಬೀಗದಕೈ ಇದೇ.

ಈ ಹೊಸ್ತಿಲನ್ನು ದಾಟಿಸಲು ನಮ್ಮ ಹಳೆಯ ಕವಿಗಳೇ ಒಂದು ಆಟವನ್ನು ಬಿಟ್ಟುಹೋಗಿದ್ದಾರೆ. ಅವರ ಪದ್ಯಗಳಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುತ್ತಿತ್ತು. ಸ್ವರ ಬೇರೆಯಾದರೂ ಸರಿಯೆ. ಅದೇ ಪ್ರಾಸ. ಅದಕ್ಕೆ ಕವಿಗಳು ಹಾಕಿಕೊಂಡಿದ್ದ ಇತರ ಕಟ್ಟುಪಾಡುಗಳು ಮಕ್ಕಳಿಗೆ ಬೇಡ. "ಮರ" ಎಂದು ನೀವು ಹೇಳಿರಿ. ಎರಡನೆಯ ಜಾಗದಲ್ಲಿ ರೇಫೆ ಇರುವ ಪದಗಳನ್ನು ಮಕ್ಕಳು ಹುಡುಕಲಿ. ಮೊದಲು ಸರ, ಬರ ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಯಾವನೋ ಒಬ್ಬ ಜಾಣ "ಕೆರೆ" ಎನ್ನುತ್ತಾನೆ. ಇನ್ನೊಬ್ಬಳು "ಕರು", ಮತ್ತೊಬ್ಬ "ತೇರು". ಸಾವಿರ ವರ್ಷಗಳ ಹಿಂದಿನ ಆಸ್ಥಾನಕವಿಗಳ ಕಸರತ್ತನ್ನು ಶಿಶುವಿಹಾರದ ಚಾಪೆಯ ಮೇಲೆ ನೋಡುವ ಸಂತೋಷ ಕನ್ನಡದ ಉಪಾಧ್ಯಾಯನಿಗೆ ಸಾಮಾನ್ಯವಾದುದಲ್ಲ.

ಬಾಯಿಯ ಆಟಗಳು

13ನೆಯ ಶತಮಾನದ ವೈಯಾಕರಣ ಕೇಶಿರಾಜ ತನ್ನ "ಶಬ್ದಮಣಿದರ್ಪಣ"ದಲ್ಲಿ ಮಾತು ಹುಟ್ಟುವ ಬಗೆಯನ್ನು ವಿವರಿಸುವಾಗ, ದೇಹವನ್ನು ವಾದ್ಯಕ್ಕೂ ನಾಲಗೆಯನ್ನು ಆ ವಾದ್ಯವನ್ನು ನುಡಿಸುವ ಕೋಲಿಗೂ ಹೋಲಿಸಿದ್ದಾನೆ. ಇಷ್ಟು ಸೊಗಸಾದ ಆಟಿಕೆ ತಮ್ಮ ಬಾಯೊಳಗೇ ಇದೆ ಎಂಬುದು ನಮ್ಮ ಮಕ್ಕಳಿಗೆ ಗೊತ್ತೇ ಇಲ್ಲ. ಗೊತ್ತುಮಾಡಿಕೊಡೋಣ.

ಒಂದು ಕನ್ನಡಿಯನ್ನು ಮುಂದಿಟ್ಟು "ಪ ಫ ಬ ಭ ಮ" ಎನ್ನಿಸಿ. ಪ್ರತಿಯೊಂದಕ್ಕೂ ತುಟಿಗಳು ಮುಚ್ಚಿ ತೆರೆಯುತ್ತವೆ. "ತ ಥ ದ ಧ ನ" ಎಂದರೆ ನಾಲಗೆ ಹಲ್ಲಿಗೆ ತಾಗುತ್ತದೆ. "ಟ ಠ ಡ ಢ ಣ" ಎಂದರೆ ಅದೇ ನಾಲಗೆ ಮೇಲಕ್ಕೆ ಮಡಚಿ ಅಂಗಳವನ್ನು ಮುಟ್ಟುತ್ತದೆ. "ಕ ಖ ಗ ಘ ಙ" ಎಂದರೆ ಶಬ್ದ ಗಂಟಲಿನ ಹತ್ತಿರದಿಂದ ಬರುತ್ತದೆ. ವರ್ಗೀಯ ವ್ಯಂಜನಗಳನ್ನು ನಮ್ಮವರು ಐದೈದರ ಐದು ಸಾಲಾಗಿ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಗಂಟಲಿನಿಂದ ತುಟಿಯವರೆಗೆ ಒಂದೊಂದು ಸಾಲಿಗೂ ಒಂದೊಂದು ಮನೆ ಇದೆ. ಬಳಿಕ ಒಬ್ಬನು ದನಿ ತೆಗೆಯದೆ ಬಾಯಿಯನ್ನು ಮಾತ್ರ ಆಡಿಸಲಿ, ಉಳಿದವರು "ಯಾವ ಸಾಲು?" ಎಂದು ಊಹಿಸಲಿ. ವ್ಯಾಕರಣದ ಪುಸ್ತಕದಲ್ಲಿ ಓಷ್ಠ್ಯ, ದಂತ್ಯ, ಮೂರ್ಧನ್ಯ ಎಂಬ ಭಾರವಾದ ಹೆಸರುಗಳನ್ನು ಕಂಡಾಗ ಈ ಮಕ್ಕಳು ಮುಂದೆ ಹೆದರಲಾರರು.

ಮೂಗಿನ ಆಟ ಇದಕ್ಕಿಂತಲೂ ತಮಾಷೆಯಾದದ್ದು. ಮೂಗನ್ನು ಎರಡು ಬೆರಳುಗಳಿಂದ ಬಿಗಿಯಾಗಿ ಹಿಡಿದುಕೊಂಡು "ಅಮ್ಮ" ಎನ್ನಬೇಕು. ಎಷ್ಟು ಪ್ರಯತ್ನಪಟ್ಟರೂ ಅದು "ಅಬ್ಬ" ಎಂದೇ ಕೇಳಿಸುತ್ತದೆ! "ಮಾಮ" ಎಂದರೆ "ಬಾಬ" ಆಗುತ್ತದೆ. ಮಕಾರಕ್ಕೆ ಮೂಗಿನ ಬಾಗಿಲು ತೆರೆದಿರಬೇಕು, ಬಕಾರಕ್ಕೆ ಬೇಡ. ತುಟಿಯ ಕೆಲಸ ಮಾತ್ರ ಎರಡಕ್ಕೂ ಒಂದೇ. ಅನುನಾಸಿಕವೆಂದರೇನೆಂದು ಇದಕ್ಕಿಂತ ಚೆನ್ನಾಗಿ ಯಾವ ಉಪನ್ಯಾಸಕನೂ ಹೇಳಲಾರ.

ಅಕ್ಕಿ ಹಕ್ಕಿಗಳ ಸಂಗತಿ

ಈಗ ಸ್ವಲ್ಪ ಗಂಭೀರವಾದ ವಿಷಯಕ್ಕೆ ಬರೋಣ. ಎಷ್ಟೋ ಮಕ್ಕಳು ಮನೆಯಲ್ಲಿ ಹಾಲಿಗೆ "ಆಲು" ಎನ್ನುತ್ತಾರೆ, ಹಣ್ಣಿಗೆ "ಅಣ್ಣು" ಎನ್ನುತ್ತಾರೆ. ಅವರ ತಾಯಿ, ಅಜ್ಜಿ, ನೆರೆಹೊರೆಯವರೆಲ್ಲ ಹಾಗೆಯೇ ಆಡುತ್ತಾರೆ. ಇಂಥ ಮಗು ಶಾಲೆಗೆ ಬಂದು ಮೊದಲ ಸಲ ಬಾಯಿ ತೆರೆದಾಗ ತರಗತಿ ನಕ್ಕುಬಿಟ್ಟರೆ, ಅದರ ಮೇಲೆ ಉಪಾಧ್ಯಾಯರೂ ನಕ್ಕರೆ, ಆ ಬಾಯಿ ಮುಚ್ಚಿಕೊಳ್ಳುತ್ತದೆ. ಕೆಲವು ಬಾಯಿಗಳು ಮತ್ತೆ ತೆರೆಯುವುದೇ ಇಲ್ಲ. ತಪ್ಪಿಸಿಕೊಳ್ಳುವ ಭರದಲ್ಲಿ ಕಂಡಕಂಡಲ್ಲೆಲ್ಲ ಹಕಾರ ಹಾಕುವ ಅಭ್ಯಾಸವೂ ಅಲ್ಲಿಂದಲೇ ಹುಟ್ಟುತ್ತದೆ. ಉತ್ತರಪತ್ರಿಕೆಯ "ಹರಸ"ನ ಜನ್ಮಸ್ಥಳ ಇದೇ.

ನಗುವವರು ಒಂದು ಮಾತನ್ನು ಆಲೋಚಿಸಬೇಕು. 10ನೆಯ ಶತಮಾನದಲ್ಲಿ, ಪಂಪನ ಕಾಲದಲ್ಲಿ, ಕನ್ನಡಿಗರು ಕುಡಿಯುತ್ತಿದ್ದುದು "ಪಾಲ್". ಪಕಾರ ಹಕಾರವಾಗಿ ಅದು "ಹಾಲು" ಆಯಿತು. ನಮ್ಮ "ಹಾಲು" ಎಂಬ ಮಾತನ್ನು ಪಂಪ ಕೇಳಿದ್ದರೆ ಅವನೂ ನಗುತ್ತಿದ್ದನೋ ಏನೋ! "ಆಲು" ಎನ್ನುವ ಮಗು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿದೆ, ಅಷ್ಟೆ. ಅದು ಭಾಷೆಯ ನಡಿಗೆ, ಮಗುವಿನ ಅಪರಾಧವಲ್ಲ. ಆದರೂ ಪುಸ್ತಕದ ಭಾಷೆಯಲ್ಲಿ "ಅಕ್ಕಿ" ಬೇರೆ, "ಹಕ್ಕಿ" ಬೇರೆ ಆಗಿರುವುದರಿಂದ ಆ ಭೇದವನ್ನು ಎಲ್ಲ ಮಕ್ಕಳೂ ಕಲಿಯಲೇಬೇಕು. ನೋಯಿಸದೆ ಕಲಿಸುವುದು ಹೇಗೆ? ಇಲ್ಲಿ ಆಟ ಅತ್ಯಂತ ದೊಡ್ಡ ಉಪಕಾರ ಮಾಡುತ್ತದೆ.

ತೆಳುವಾದ ಕಾಗದದ ಒಂದು ಪಟ್ಟಿಯನ್ನು ಬಾಯಿಯ ಮುಂದೆ, ನಾಲ್ಕು ಬೆರಳು ದೂರದಲ್ಲಿ ಹಿಡಿಯಬೇಕು. "ಅ" ಎಂದರೆ ಕಾಗದ ನಿಂತಲ್ಲೇ ನಿಲ್ಲುತ್ತದೆ. "ಹ" ಎಂದರೆ ಬೆಚ್ಚಿಬಿದ್ದು ಅಲುಗಾಡುತ್ತದೆ. "ಕ"ಕಾರಕ್ಕೆ ಅಷ್ಟೇನೂ ಅಲುಗದ ಪಟ್ಟಿ "ಖ"ಕಾರಕ್ಕೆ ಹಾರುತ್ತದೆ. ಅಲ್ಪಪ್ರಾಣ ಮಹಾಪ್ರಾಣಗಳ ಭೇದವೂ ಇದರಿಂದಲೇ ತಿಳಿಯುತ್ತದೆ. ಇಲ್ಲಿ ತೀರ್ಪು ಕೊಡುವುದು ಕಾಗದ. ಉಪಾಧ್ಯಾಯರ ಹುಬ್ಬಿಗೆ ಕೆಲಸವಿಲ್ಲ, ಗೆಳೆಯರ ನಗೆಗೆ ಕಾರಣವಿಲ್ಲ. ಹಕಾರವನ್ನು ಚೆನ್ನಾಗಿ ಆಡಬಲ್ಲ ಮಗುವೂ "ಖ, ಘ" ಎನ್ನುವಾಗ ಕಾಗದ ಅಲುಗಿಸಲಾರದೆ ಪೇಚಾಡುವುದುಂಟು. ಆಗ ಎಲ್ಲರೂ ಸಮಾನರಾಗುತ್ತಾರೆ.

ಇದಾದ ಮೇಲೆ ಅಕ್ಕಿ ಹಕ್ಕಿಯ ಆಟ. ಉಪಾಧ್ಯಾಯರು "ಹಕ್ಕಿ" ಎಂದರೆ ಮಕ್ಕಳು ರೆಕ್ಕೆ ಬಡಿಯಬೇಕು. "ಅಕ್ಕಿ" ಎಂದರೆ ಮೊರದಲ್ಲಿ ಕೇರುವ ಅಭಿನಯ ಮಾಡಬೇಕು. "ಆಡು" ಎಂದರೆ ಕೊಂಬು ತೋರಿಸಬೇಕು. "ಹಾಡು" ಎಂದರೆ ರಾಗ ಎಳೆಯಬೇಕು. ವೇಗ ಹೆಚ್ಚಿದಂತೆಲ್ಲ ಅಕ್ಕಿ ಹಾರತೊಡಗುತ್ತದೆ, ಆಡು ಆಲಾಪನೆ ಮಾಡುತ್ತದೆ. ತಪ್ಪಿದವರು ಆಟದಿಂದ ಹೊರಗೆ ಹೋಗಬೇಕೆಂಬ ನಿಯಮ ಮಾತ್ರ ಬೇಡ. ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರನ್ನೇ ಮೊದಲು ಹೊರಗೆ ಕೂರಿಸುವ ಆಟ ಯಾವ ನ್ಯಾಯ? ತಪ್ಪಿದವನು ಮುಂದಿನ ಪದವನ್ನು ಕೂಗುವ ನಾಯಕನಾಗಲಿ. ಆಗ ಅವನ ನಾಲಗೆಗೂ ಅಭ್ಯಾಸವಾಯಿತು, ಮಾನವೂ ಉಳಿಯಿತು.

ಕಣ್ಣು ಕೈಗಳ ಸರದಿ

ಇಷ್ಟಾದ ಮೇಲೆ ಅಕ್ಷರದ ರೂಪವನ್ನು ತೋರಿಸಬಹುದು. ನಮ್ಮ ಹಿರಿಯರು ಮರಳಿನ ಮೇಲೆ, ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ತಿದ್ದಿಸುತ್ತಿದ್ದರು. 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ಮಕ್ಕಳ ಮನೆಯನ್ನು ತೆರೆದ ಮಾರಿಯಾ ಮಾಂಟೆಸೊರಿ ಉಪ್ಪುಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ ಹಲಗೆಗೆ ಅಂಟಿಸಿದರು. ಮಗು ಬೆರಳಿನಿಂದ ಅದರ ಮೇಲೆ ಸವರುತ್ತ ಅದರ ಧ್ವನಿಯನ್ನು ಉಚ್ಚರಿಸಬೇಕು: ಮುಟ್ಟುವುದು, ನೋಡುವುದು, ಕೇಳುವುದು ಒಟ್ಟಿಗೆ. 1939ರಲ್ಲಿ ಭಾರತಕ್ಕೆ ಬಂದ ಆಕೆ ಯುದ್ಧಕಾಲವನ್ನೆಲ್ಲ ಇಲ್ಲಿಯೇ ಕಳೆದು ಅನೇಕ ಉಪಾಧ್ಯಾಯರನ್ನು ತರಬೇತು ಮಾಡಿದರು. ಅದಕ್ಕೂ ಮೊದಲೇ, 1920ರಲ್ಲಿ, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಬಾಲಮಂದಿರವನ್ನು ತೆರೆದು, ಕತೆ ಆಟಗಳಿಂದಲೇ ಪಾಠ ನಡೆಸಬಹುದೆಂದು ತೋರಿಸಿಕೊಟ್ಟಿದ್ದರು.

ಯಾವ ಅಕ್ಷರವನ್ನು ಮೊದಲು ತೋರಿಸಬೇಕು? ಅಕಾರದಿಂದಲೇ ಹೊರಡಬೇಕೆಂಬ ಹಟ ಬೇಡ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾಗಿ, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿದ "ನಲಿ-ಕಲಿ" ಪದ್ಧತಿಯಲ್ಲಿ ಮಕ್ಕಳು "ರ ಗ ಸ ದ ಅ" ಎಂಬ ಐದು ಅಕ್ಷರಗಳಿಂದ ಹೊರಡುತ್ತಾರೆ. ಅನಂತರ "ಜ ವ ಮ ಬ ನ". ಇದರ ಮರ್ಮ ಸುಲಭ. ವರ್ಣಮಾಲೆಯ ಮೊದಲ ಐದು ಅಕ್ಷರಗಳನ್ನು ಕಲಿತ ಮಗು ಒಂದು ಪದವನ್ನೂ ಓದಲಾರದು. ಈ ಐದನ್ನು ಕಲಿತ ಮಗು ಅದೇ ವಾರ ಸರ, ರಸ, ಅರಸ, ಅಗಸ, ಗರಗಸ ಎಂದು ಓದುತ್ತದೆ. ಹತ್ತು ಅಕ್ಷರಗಳಾದರೆ ಮರ, ಜನ, ನಗರ, ಬಸವ, ಅವಸರ. ದುಡಿದ ಕೂಲಿ ಸಂಜೆಗೇ ಕೈಗೆ ಸಿಕ್ಕಿದಂತೆ!

ಈ ಹತ್ತು ಅಕ್ಷರಗಳನ್ನು ಅಂಗಳದಲ್ಲಿ ಸೀಮೆಸುಣ್ಣದಿಂದ ಹತ್ತು ಚೌಕಗಳಲ್ಲಿ ಬರೆಯಿರಿ. ಕುಂಟೆಬಿಲ್ಲೆ ಸಿದ್ಧವಾಯಿತು. "ನಗರ" ಎಂದು ಕೂಗಿದರೆ ಮಗು ನಕಾರದಿಂದ ಗಕಾರಕ್ಕೆ, ಅಲ್ಲಿಂದ ರಕಾರಕ್ಕೆ ಒಂಟಿಕಾಲಿನಲ್ಲಿ ಕುಪ್ಪಳಿಸಬೇಕು. ಕಾಲಿಟ್ಟ ಕಡೆಯಲ್ಲೆಲ್ಲ ಅಕ್ಷರವನ್ನು ಗಟ್ಟಿಯಾಗಿ ಹೇಳಬೇಕು. ಕೆಲವು ದಿನಗಳ ಮೇಲೆ ಆಟವನ್ನು ತಿರುಗಿಸಿ: ಮಗು ಬಾಯಿಮುಚ್ಚಿ ಕುಪ್ಪಳಿಸಲಿ, ನೋಡುವವರು ಪದವನ್ನು ಓದಲಿ.

ಬಳೆ ಬಾಳೆ, ಕತೆ ಕತ್ತೆ

ಕನ್ನಡದಲ್ಲಿ ಹ್ರಸ್ವ ದೀರ್ಘಗಳು ಕೂಡಿದರೆ ಅರ್ಥ ಕೆಡುತ್ತದೆ. ಬಳೆಯನ್ನು ತಿನ್ನಲಾಗದು, ಬಾಳೆಯನ್ನು ತೊಡಲಾಗದು. ಈ ಭೇದವನ್ನು ಕಲಿಸಲು ನಮ್ಮ ಹಳೆಯ "ಕೆರೆ-ದಡ" ಆಟವೇ ಸಾಕು. ನೆಲದಲ್ಲಿ ಒಂದು ಗೆರೆ. ಈಚೆ ದಡ, ಆಚೆ ಕೆರೆ. ಹ್ರಸ್ವ ಕೇಳಿದರೆ ದಡದಲ್ಲಿ ನಿಲ್ಲಬೇಕು, ದೀರ್ಘ ಕೇಳಿದರೆ ಕೆರೆಗೆ ಹಾರಬೇಕು. ಬಳೆ, ಬಾಳೆ, ಕರು, ಕಾರು, ಬಿಡು, ಬೀಡು, ಕೊಡು, ಕೋಡು. ಲಕಾರ ಳಕಾರಗಳಿಗೂ ಇದೇ ಗೆರೆ ಆಗುತ್ತದೆ: ಹುಲಿ ದಡದಲ್ಲಿರಲಿ, ಹುಳಿ ಕೆರೆಗೆ ಬೀಳಲಿ.

ಕಾಗುಣಿತಕ್ಕೆ ವೇಷದ ಆಟವನ್ನು ಹೂಡಬಹುದು. ಒಬ್ಬ ಹುಡುಗ "ಕ" ಎಂಬ ರಟ್ಟನ್ನು ಎದೆಗೆ ಕಟ್ಟಿಕೊಂಡು ನಿಲ್ಲುತ್ತಾನೆ. ಇಳಿ, ಗುಡಿಸು, ಕೊಂಬು, ಎತ್ವ, ಒತ್ವಗಳ ಚೀಟಿ ಹಿಡಿದ ಮಕ್ಕಳು ಒಬ್ಬೊಬ್ಬರಾಗಿ ಬಂದು ಅವನ ಭುಜ ಮುಟ್ಟುತ್ತಾರೆ. ಮುಟ್ಟಿದೊಡನೆ ಅವನು ದನಿ ಬದಲಿಸಬೇಕು: "ಕಾ", "ಕಿ", "ಕು". ಮುಟ್ಟಿದವರು ಕೈಬಿಟ್ಟೊಡನೆ ಮತ್ತೆ "ಕ". ಅಕ್ಷರದ ದೇಹ ಒಂದೇ, ಹಾಕಿಕೊಂಡ ವೇಷಗಳು ಹಲವು ಎಂಬುದು ಮನಸ್ಸಿನಲ್ಲಿ ಊರಿದರೆ 510 ರೂಪಗಳ ಭಯ 34 ಅಕ್ಷರ, ಕೆಲವು ಚಿಹ್ನೆಗಳಿಗೆ ಇಳಿಯುತ್ತದೆ.

ಒತ್ತಕ್ಷರದಲ್ಲಿ ಒಂದು ವಿಚಿತ್ರವಿದೆ. ದೊಡ್ಡವರ ಕಣ್ಣಿಗೆ ಅದು ಬೀಳುವುದೇ ಇಲ್ಲ. "ಆಸ್ತಿ" ಎಂಬ ಪದವನ್ನು ಬರೆದು ನೋಡಿ. ಗುಡಿಸು ಇರುವುದು ಸಕಾರದ ತಲೆಯ ಮೇಲೆ, ತಕಾರವಿರುವುದು ಅದರ ಕಾಲ ಕೆಳಗೆ. ಕಂಡಂತೆ ಓದಿದರೆ "ಆಸಿತ" ಎಂದಾಗಬೇಕು. ಎಷ್ಟೋ ಮಕ್ಕಳು ಹಾಗೆಯೇ ಓದುತ್ತಾರೆ. ಅವರನ್ನು ದಡ್ಡರೆನ್ನಬೇಡಿ, ಅವರು ಲಿಪಿಗೆ ನಿಷ್ಠರಾಗಿದ್ದಾರೆ! "ಸೂರ್ಯ"ನಲ್ಲಿ ಅರ್ಕಾವೊತ್ತು ಯಕಾರದ ಬಳಿಕ ನಿಂತಿದ್ದರೂ ಮೊದಲು ಕೇಳಿಸುವುದು ರಕಾರ. ಇಂಥಲ್ಲಿ ಕಣ್ಣನ್ನು ನಂಬಿದವನು ಕೆಡುತ್ತಾನೆ, ಕಿವಿಯನ್ನು ನಂಬಿದವನು ಗೆಲ್ಲುತ್ತಾನೆ. ಮೂವರು ಮಕ್ಕಳನ್ನು ಸ್, ತ್, ಇ ಎಂದು ಹೆಸರಿಟ್ಟು ಸಾಲಾಗಿ ನಿಲ್ಲಿಸಿ, ಕೇಳುವ ಕ್ರಮದಲ್ಲಿ ಕೂಗಿಸಿ. ಬಳಿಕ "ಬರೆಯುವ ಸಾಲು" ಎಂದೊಡನೆ ತಕಾರದವನು ಸಕಾರದವನ ಮುಂದೆ ಕುಕ್ಕರಿಸಬೇಕು, ಇಕಾರದವನು ಸಕಾರದವನ ತಲೆಯ ಮೇಲೆ ಕೈಯಿಡಬೇಕು. "ಕೇಳುವ ಸಾಲು" ಎಂದೊಡನೆ ಮತ್ತೆ ಮೊದಲಿನಂತೆ.

ಒತ್ತು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ "ಕತೆ, ಕತ್ತೆ"ಗಳಿಗಿಂತ ಉತ್ತಮ ಉದಾಹರಣೆ ಬೇಕಿಲ್ಲ. "ಅಜ್ಜಿ ಕತ್ತೆ ಹೇಳಿದಳು" ಎಂದು ನೀವು ಬೇಕೆಂದೇ ತಪ್ಪಾಗಿ ಓದಿ. ಹಿಡಿದುಹಾಕುವ ಅಧಿಕಾರವನ್ನು ಮಕ್ಕಳಿಗೆ ಕೊಡಿ. ದೊಡ್ಡವರ ತಪ್ಪನ್ನು ತಿದ್ದುವುದರಲ್ಲಿರುವ ಸುಖ ಯಾವ ಮಿಠಾಯಿಯಲ್ಲೂ ಇಲ್ಲ. ಎಲೆಗೂ ಎಲ್ಲೆಗೂ, ಬಳಿಗೂ ಬಳ್ಳಿಗೂ ಇರುವ ಅಂತರವನ್ನು ಅವರು ಹದ್ದಿನಂತೆ ಕಾಯತೊಡಗುತ್ತಾರೆ.

ಹಿರಿಯರಿಗೆ ಎರಡು ಮಾತು

ಕರ್ನಾಟಕದ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಕನ್ನಡವನ್ನು ಕಲಿಸಬೇಕೆಂದು ಸರ್ಕಾರ 2015ರಲ್ಲಿ ಶಾಸನವನ್ನೇ ಮಾಡಿತು. ಶಾಸನ ಪುಸ್ತಕವನ್ನು ಮಗುವಿನ ಚೀಲದೊಳಕ್ಕೆ ಹಾಕಬಲ್ಲದು; ಅದನ್ನು ಬಿಚ್ಚುವ ಆಸೆಯನ್ನು ಹುಟ್ಟಿಸಲಾರದು. ನಗರದ ಅನೇಕ ಮನೆಗಳಲ್ಲಿ ಕನ್ನಡ ಮಾತನಾಡುವ ಮಕ್ಕಳೇ ಕನ್ನಡದ ಕತೆಪುಸ್ತಕವನ್ನು ದೂರ ತಳ್ಳುತ್ತಿದ್ದಾರೆ. ಮಾತು ಬಾರದೆ ಹೀಗಾಗುತ್ತಿಲ್ಲ. ಓದು ಎಡವುತ್ತದೆ, ಎಡವಿದ್ದು ಅವಮಾನವಾಗುತ್ತದೆ, ಅವಮಾನವಾದ ಕಡೆಗೆ ಯಾವ ಮಗುವೂ ಮತ್ತೆ ಕಾಲಿಡುವುದಿಲ್ಲ. ಎಡವುವ ಕಲ್ಲುಗಳನ್ನು ಆರೇಳು ವರ್ಷದೊಳಗೆ ಆಟದಲ್ಲಿಯೇ ಎತ್ತಿಹಾಕಿದರೆ ಮುಂದಿನ ದಾರಿಯನ್ನು ಮಗು ತಾನೇ ನಡೆಯುತ್ತದೆ.

ಅದಕ್ಕೆ ಬೇಕಾದುದು ದಿನಕ್ಕೆ ಹತ್ತು ನಿಮಿಷ. ತರಕಾರಿ ಹೆಚ್ಚುವಾಗ ಸಂತೆಯ ಆಟ, ಬಸ್ಸಿನಲ್ಲಿ ಹೋಗುವಾಗ ಅಂಗಡಿಗಳ ಹೆಸರಿಗೆ ಚಪ್ಪಾಳೆ, ಮಲಗುವ ಮುನ್ನ ಎರಡು ಪ್ರಾಸ. ಒಂದು ದಿನಕ್ಕೆ ಒಂದೇ ಆಟ ಸಾಕು. ಅಂಕ ಹಾಕಬೇಡಿ, ಪಕ್ಕದ ಮನೆಯ ಮಗುವಿನೊಡನೆ ಹೋಲಿಸಬೇಡಿ, ನೆಂಟರೆದುರು ಪ್ರದರ್ಶನಕ್ಕೆ ನಿಲ್ಲಿಸಬೇಡಿ. ಈ ಮೂರರಲ್ಲಿ ಯಾವುದು ಬಂದರೂ ಆಟ ಅಲ್ಲಿಗೆ ಪರೀಕ್ಷೆಯಾಯಿತು. ಮಗು ದಣಿಯುವವರೆಗೂ ಕಾಯದೆ, "ಇನ್ನೊಂದೇ ಒಂದು ಸಲ" ಎಂದು ಅದು ಪೀಡಿಸುತ್ತಿರುವಾಗಲೇ ಆಟವನ್ನು ನಿಲ್ಲಿಸಿಬಿಡಿ. ನಾಳೆ ಅದೇ ಬಂದು ನಿಮ್ಮ ಸೆರಗು ಹಿಡಿದು ಎಳೆಯುತ್ತದೆ.